ಗುಂಡಿಯ ನಾಲ್ಕನೇ ಕಣ್ಣು

ಭಾನುವಾರ, ಹದಿನಾಲ್ಕನೇ ತಾರೀಕು
ಸರೋವರದ ದಡದ ಶೆಡ್ಡಿನಿಂದ

ಪ್ರೀತಿಯ ಅಮ್ಮ,

ಫೋನಿನಲ್ಲಿ ಹೇಳಬಹುದಾದದ್ದಕ್ಕೆ ನಾನು ಕಾಗದ ಖರ್ಚು ಮಾಡುವವಳಲ್ಲ ಎಂದು ನಿನಗೆ ಗೊತ್ತು. ಆದ್ದರಿಂದ ಕೂತು ಓದು. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಬೇಡ, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ.

ಮೊದಲು ಕ್ಷೇಮ ಸಮಾಚಾರ. ನೆಗಡಿ ಇದೆ, ಜ್ವರ ಇಲ್ಲ. ಊಟ ಇದೆ, ಖಾರ ಇಲ್ಲ. ನೀರಿನಿಂದ ಮೇಲೆ ಬಂದ ಮೇಲೆ ಅರ್ಧ ಗಂಟೆ ನನ್ನ ಹಲ್ಲುಗಳು ನನ್ನನ್ನು ಕೇಳದೆ ಅವೇ ಮಾತಾಡಿಕೊಳ್ಳುತ್ತವೆ. ಆದರೆ ಆ ಚಳಿಯಿಂದಲೇ ನಮ್ಮ ಕೆಲಸ ನಡೆದಿದೆ. ಸಮುದ್ರವಾಗಿದ್ದರೆ ಉಪ್ಪೂ ಹುಳುವೂ ಸೇರಿ ಮರವನ್ನೆಲ್ಲ ಮುಗಿಸಿಬಿಡುತ್ತಿದ್ದವು. ತಣ್ಣನೆಯ ಸಿಹಿನೀರು ಹಾಗಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಂಡಿರುತ್ತದೆ. ಮುಳುಗಿ ಎಪ್ಪತ್ತು ವರ್ಷವಾದ ಮೇಲೂ ನಮ್ಮ ಸ್ಟೀಮರು ತಳದಲ್ಲಿ ನೆಟ್ಟಗೆ ಕೂತಿದೆ, ಇನ್ನೂ ಯಾರೋ ಹತ್ತಬೇಕಾಗಿದೆ ಎನ್ನುವಂತೆ.

ಇದನ್ನು ಅಳೆದು ನಕ್ಷೆ ಬರೆಯುವ ಕೆಲಸ ಸಿಕ್ಕಿದ ದಿನ, ಅಜ್ಜ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ, ಅವನ ಜೊತೆಗೇ ಮುಳುಗಿದ ಸ್ಟೀಮರೇ ಇದು ಎಂದು ನಾನು ಓಡಿ ಬಂದು ಹೇಳಿದ್ದೆ. ನೀನು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ದಾರ ಕಚ್ಚಿ ತುಂಡು ಮಾಡಿ, "ಬೇರೆ ದೋಣಿ ಸಿಗ್ಲಿಲ್ವಾ ನಿಂಗೆ?" ಎಂದು ಕೇಳಿದೆ. ನಾನು ತಮಾಷೆ ಎಂದುಕೊಂಡೆ.

ನಮ್ಮ ತಂಡದ ಮೊದಲ ನಿಯಮ, ಕೆಳಗಿರುವುದನ್ನು ಮುಟ್ಟಬಾರದು. ಅಳೆಯಬಹುದು, ಬರೆಯಬಹುದು, ಫೋಟೊ ತೆಗೆಯಬಹುದು, ಅಷ್ಟೇ. ತಂಡದ ಹಿರಿಯರನ್ನು ನಾವು ಅಳತೆ ಮೇಷ್ಟ್ರು ಅನ್ನುತ್ತೇವೆ. ಹೊಸಬರು ಕೈ ಚಾಚಿದರೆ ಅವರದು ಒಂದೇ ಪ್ರಶ್ನೆ: "ನೆಂಟರ ಮನೇಲಿ ಬೀರು ತೆಗೀತೀಯೇನಪ್ಪಾ?" ಎರಡನೆಯ ನಿಯಮ, ಯಾವ ವಸ್ತುವನ್ನೇ ಬರೆಯಲಿ, ಪಕ್ಕದಲ್ಲಿ ಕಪ್ಪುಬಿಳಿ ಪಟ್ಟೆಯ ಅಳತೆ ಕೋಲು ಇಡಬೇಕು. ಏಕೆಂದರೆ ನೀರಿನೊಳಗೆ ಎಲ್ಲವೂ ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಕೋಲಿಲ್ಲದ ಅಳತೆ ಗೋಳಿಲ್ಲದೆ ಮುಗಿಯದು. ಪ್ರಾಸ ನನ್ನದೇ, ಗೋಳೂ ನನ್ನದೇ.

ಹೋದ ಭಾನುವಾರ ಫೋನಿನಲ್ಲಿ ಕುಣಿದಾಡಿದ್ದೆನಲ್ಲ, ಬಾಯ್ಲರ್ ಕೋಣೆಯ ಹಲಗೆಯ ಮೇಲೆ ಒಂದು ಜೊತೆ ಬೂಟು ಇದೆ, ಅಜ್ಜನದೇ ಇರಬೇಕು ಎಂದು? ಎಷ್ಟು ದೊಡ್ಡದಿದೆ ಎಂದು ನೀನು ಕೇಳಿದೆ. ಅಜ್ಜ ಕುಳ್ಳನಲ್ಲವೇ, ಅವನ ಕಾಲಿಗೆ ಸರಿಯಾಗಿದೆ ಎಂದು ನಾನು ಹೇಳಿದೆ. ಹಾಲು ಉಕ್ಕುತ್ತಿದೆ ಎಂದು ನೀನು ಫೋನಿಟ್ಟೆ.

ಆ ದಿನ ನನ್ನ ಕೋಲು ಕೈಜಾರಿ ಕೆಸರಿಗೆ ಬಿದ್ದಿತ್ತು. ಕಣ್ಣಳತೆಯಲ್ಲೇ ಬರೆದುಬಿಟ್ಟೆ. ಕಣ್ಣಿಗೆ ಅಜ್ಜನ ಬೂಟು ಬೇಕಿತ್ತು, ನೀರು ಒದಗಿಸಿಕೊಟ್ಟಿತು. ಬುಧವಾರ ನಮ್ಮ ಫೋಟೊದವನು ಇಳಿದು ಕೋಲಿಟ್ಟು ಚಿತ್ರ ತೆಗೆದ. ಮೇಜಿನ ಮೇಲೆ ಹರಡಿ ಅಳೆದೆ. ಹದಿನೆಂಟು ಸೆಂಟಿಮೀಟರ್. ಮೂರು ಸಲ ಅಳೆದೆ. ಮೇಷ್ಟ್ರು ಹಿಂದೆ ಬಂದು ನಿಂತು ಹೇಳಿದರು: "ಇದು ಐದು ವರ್ಷದ ಮಗೂದು ಕಣಮ್ಮ. ಸತ್ತೋರ ಪಟ್ಟೀಲಿ ಮಗು ಇದ್ಯಾ?"

ಇಲ್ಲ. ಇಪ್ಪತ್ತಮೂರು ಹೆಸರು, ಎಲ್ಲ ದೊಡ್ಡವರು.

ಅಮ್ಮ, ಎಡಗಾಲಿನ ಬೂಟಿಗೆ ಬಕಲ್ ಇಲ್ಲ. ಆ ಜಾಗದಲ್ಲಿ ಹಿತ್ತಾಳೆ ಗುಂಡಿ ಇದೆ, ತಾಮ್ರದ ತಂತಿಯಲ್ಲಿ ಹಚ್ಚಿದ್ದು.

ಮಾಮನನ್ನು ಹುಡುಕಲು ಅಜ್ಜಿ ಊರೂರಿನ ಗೋಡೆಗೆ ಅಂಟಿಸಿದ ಚೀಟಿ ನನಗೆ ಬಾಯಿಪಾಠ. ವಯಸ್ಸು ಐದು, ನೀಲಿ ಅಂಗಿ, ಎಡಗಾಲ ಬೂಟಿಗೆ ಬಕಲ್ ಬದಲು ಹಿತ್ತಾಳೆ ಗುಂಡಿ. ಆ ಗುರುತು ಹೇಳಿದವಳು ನೀನೇ. ಅಜ್ಜನ ಹಳೇ ಕೋಟಿನ ಗುಂಡಿ, ದಾರ ನಿಲ್ಲುವುದಿಲ್ಲವೆಂದು ತಂತಿಯಲ್ಲಿ ಆ ಬೆಳಿಗ್ಗೆ ನೀನೇ ಹಚ್ಚಿದ್ದು, ಆಗ ನಿನಗೆ ಒಂಬತ್ತು. ಅಂದರೆ ನಿನ್ನ ತಮ್ಮ, ನಮ್ಮ ಮಾಮ, ದೋಣಿಕಟ್ಟೆಯ ಗುಂಪಿನಲ್ಲಿ ಕಳೆದುಹೋಗಲಿಲ್ಲ. ಸ್ಟೀಮರಿನಲ್ಲಿದ್ದ.

ಇನ್ನೊಂದು ಮಾತು. ಆ ಹಲಗೆ ಗಂಡಸಿನ ಭುಜದೆತ್ತರಕ್ಕಿದೆ, ಐದು ವರ್ಷದವನ ಕೈಗೆ ಎಟುಕುವುದಿಲ್ಲ. ಎರಡೂ ಬೂಟು ಹಿಮ್ಮಡಿಗೆ ಹಿಮ್ಮಡಿ ಸೇರಿಸಿ ಇಟ್ಟ ಹಾಗೇ ಇವೆ. ಹಲಗೆಗೆ ಅಂಚು ಇರುವುದರಿಂದ ಬಿದ್ದಿಲ್ಲ. ಅಜ್ಜ ಅವನನ್ನು ನೋಡಿದ್ದ ಅಮ್ಮ. ಬೂಟು ಬಿಚ್ಚಿ, ಬಾಯ್ಲರಿನ ಬಿಸಿಗೆ ಒಣಗಲೆಂದು ತಾನೇ ಎತ್ತಿಟ್ಟಿದ್ದ. ಬೇರೇನೂ ಕಾಣಲಿಲ್ಲ, ಕೆಳಗೆ ಮೊಣಕಾಲುದ್ದ ಕೆಸರು, ನಾವು ಅಗೆಯುವುದಿಲ್ಲ.

ಮೂರು ದಿನದಿಂದ ಇದನ್ನು ನಿನಗೆ ಹೇಳುವುದೋ ಬೇಡವೋ ಎಂದು ಒದ್ದಾಡಿದೆ. ಹೇಳಿದರೆ ನೀನು ತಪ್ಪಿತಸ್ಥೆಯಲ್ಲ ಎಂದಾಗುತ್ತದೆ: ನೀನು ಕೈ ಬಿಡಲಿಲ್ಲ, ಅವನೇ ಬಿಡಿಸಿಕೊಂಡು ಅಪ್ಪನ ಹತ್ತಿರ ಓಡಿದ. ಆದರೆ ಅವನು ಎಲ್ಲೋ ಇದ್ದಾನೆ ಎನ್ನುವುದೂ ಅದರ ಜೊತೆಗೇ ಹೋಗುತ್ತದೆ. ಅಜ್ಜಿ ಕೋಪ ಬಂದಾಗಲೆಲ್ಲ ನಿನ್ನನ್ನು "ಕೈ ಬಿಟ್ಟೋಳು" ಎಂದು ಕರೆಯುತ್ತಿದ್ದದ್ದು ನೆನಪಿದೆ. ಅವಳು ಹುಡುಕುತ್ತಿದ್ದ ಮುಖಕ್ಕೂ ವರ್ಷ ವರ್ಷ ವಯಸ್ಸಾಗುತ್ತಿತ್ತು. ಕೊನೆಕೊನೆಗೆ ಬಸ್ ನಿಲ್ದಾಣದಲ್ಲಿ ಬೊಕ್ಕತಲೆಯವರನ್ನು ನಿಲ್ಲಿಸಿ ನೋಡುತ್ತಿದ್ದಳು. ಅವಳು ಹೋಗಿ ಇಪ್ಪತ್ತೆರಡು ವರ್ಷವಾದರೂ ನೀನು ಮುಂಬಾಗಿಲಿನ ಚಿಲಕ ಹಾಕಿದ್ದನ್ನು ನಾನು ಕಂಡಿಲ್ಲ. ಎಂಟು ವರ್ಷದವಳಿದ್ದಾಗ ನಾನು ಮಾಮನಿಗೆಂದು ಬರೆದ ಪದ್ಯ ನಿನ್ನ ಸೂಜಿ ಡಬ್ಬಿಯಲ್ಲಿ ಇನ್ನೂ ಇದೆಯೇ?

ಎಲ್ಲಿ ಅಡಗಿ ಕೂತೆ ಮಾಮ,
ಮುಗಿದುಹೋಯ್ತು ಆಟ.
ಬಾಗಿಲು ತೆರೆದೇ ಇಟ್ಟಿದ್ದೀವಿ,
ತಣ್ಣಗಾಯ್ತು ಊಟ.

ಒಂದು ವಿಷಯ ಉಳಿದಿದೆ. ಗುಂಡಿಗೆ ನಾಲ್ಕು ಕಣ್ಣಿವೆ, ತಂತಿ ಮೂರಕ್ಕೆ ಮಾತ್ರ ಇದೆ. ನಾಲ್ಕನೆಯದು ಖಾಲಿ. ಒಂದು ಕಣ್ಣಿಗೆ ದಾರ ತಪ್ಪಿದರೆ ಇಡೀ ಗುಂಡಿ ಬಿಚ್ಚಿ ಮತ್ತೆ ಹಚ್ಚುವವಳು ನೀನು. ನಿನ್ನ ಕೈಯ ಗುಂಡಿ ಕಿತ್ತರೆ ಬಟ್ಟೆ ಬರುತ್ತದೆಯೇ ಹೊರತು ಗುಂಡಿ ಬರುವುದಿಲ್ಲ ಎಂದು ಗಿರಾಕಿಗಳು ಗೊಣಗುವುದು ನನಗೆ ಗೊತ್ತಿಲ್ಲವೇ? ಆದ್ದರಿಂದ, ಅದು ನಾನು ಹಚ್ಚಿದ್ದಲ್ಲ ಎಂದು ನೀನು ಒಂದು ಸಾಲು ಬರೆದರೆ ಸಾಕು, ನಾನು ನಂಬುತ್ತೇನೆ. ನಕ್ಷೆಯಲ್ಲಿ "ಮಗುವಿನ ಬೂಟು, ಯಾರದೆಂದು ತಿಳಿಯದು" ಎಂದು ಬರೆಯುತ್ತೇನೆ. ಈಗಿರುವುದು ಪೆನ್ಸಿಲಿನಲ್ಲಿ. ನಿನ್ನ ಉತ್ತರ ಬಂದ ಮೇಲೆ ಮಸಿ.

ನಿನ್ನ,
ಪ್ರಾಸಮ್ಮ

ತಾ.ಕ.: ನಿನ್ನೆ ಕೆಲಸವಿಲ್ಲದಿದ್ದರೂ ಇಳಿದಿದ್ದೆ. ಮೊದಲ ನಿಯಮ ಮುರಿದೆ. ಬೂಟಿನೊಳಗೆ ಕೈ ಹಾಕಿ ನೋಡಿದೆ. ಮೂರು ಬೆರಳು ಹಿಡಿಸಿತು.

*

ಶುಕ್ರವಾರ

ಮಗಳೇ,

ಕಾಗದ ಬಂತು. ಸ್ಟೂಲಿನ ಮೇಲೇ ಕೂತು ಓದಿದೆ. ಬೀಳಲಿಲ್ಲ.

ಅದು ನಾನು ಹಚ್ಚಿದ ಗುಂಡಿ. ಮಸಿ ಹಾಕು.

ಮಿಕ್ಕಿದ್ದನ್ನೂ ಬರೆದುಬಿಡುತ್ತೇನೆ. ಅವನ ಕೈ ಗುಂಪಿನಲ್ಲಿ ತಪ್ಪಲಿಲ್ಲ, ಅವನು ಬಿಡಿಸಿಕೊಂಡು ಓಡಲೂ ಇಲ್ಲ. ಅಪ್ಪನ ಜೊತೆ ಹೋಗಬೇಕೆಂದು ಬೆಳಿಗ್ಗೆಯಿಂದ ಅಳುತ್ತಿದ್ದ. ಅಮ್ಮ ಬೇಡ ಎಂದಿದ್ದಳು, ಅವನನ್ನು ನೋಡಿಕೋ ಎಂದು ನನ್ನ ಜೊತೆ ಕಳಿಸಿದ್ದಳು. ನನಗೆ ಹುಡುಗಿಯರ ಜೊತೆ ಆಡಬೇಕಿತ್ತು. ಸಾಮಾನು ಏರಿಸುವ ಹಲಗೆಯ ಕಡೆಯಿಂದ ನಾನೇ ಹತ್ತಿಸಿದೆ. "ಅಪ್ಪನ ಕೋಣೆ ಹತ್ರ ಅಡಗಿ ಕೂತ್ಕೋ, ದೋಣಿ ಹೊರಡೋವರೆಗೂ ಸದ್ದು ಮಾಡ್ಬೇಡ" ಎಂದು ಹೇಳಿಕೊಟ್ಟೆ. ಸಂಜೆಗೆ ವಾಪಸು ಬರುವ ದೋಣಿ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ಮಧ್ಯಾಹ್ನ ಗಾಳಿ ಎದ್ದಿತು. ಸುದ್ದಿ ಬಂದಾಗ ಅಮ್ಮ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು. ಯಾರೋ ಕಂಬಳಿ ಹೊದಿಸಿದ್ದರು. ನಾನು ಹೋಗಿ ಎದುರಿಗೆ ನಿಂತೆ. ನನ್ನ ಹಿಂದೆ ನೋಡಿ, "ಅವ್ನೆಲ್ಲೇ?" ಎಂದಳು. ಆ ಮುಖ ನೋಡಿ ನನ್ನ ಬಾಯಿಗೆ ಬಂದದ್ದು, "ಗುಂಪಲ್ಲಿ ಕೈ ಬಿಟ್ಟೋಯ್ತು" ಎಂದು. ಅವಳು ಎದ್ದು ನಿಂತಳು. ಕಂಬಳಿ ಕೆಳಗೆ ಬಿತ್ತು. ಹುಡುಕಲು ಹೊರಟಳು. ಅವಳನ್ನು ಮತ್ತೆ ಕೂರಿಸುವ ಧೈರ್ಯ ನನಗೆ ನಲವತ್ತೆಂಟು ವರ್ಷ ಬರಲಿಲ್ಲ.

ಅವಳಿಗೋಸ್ಕರ ಸುಳ್ಳು ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಅದು ಅರ್ಧ ನಿಜ. ಹತ್ತಿಸಿದವಳು ಅನ್ನಿಸಿಕೊಳ್ಳುವುದಕ್ಕಿಂತ ಕೈ ಬಿಟ್ಟವಳು ಅನ್ನಿಸಿಕೊಳ್ಳುವುದು ಹಗುರ.

ನಿನ್ನ ಪದ್ಯ ಡಬ್ಬಿಯಲ್ಲೇ ಇದೆ. ನೀನು ಅದನ್ನು ಓದಿ ತೋರಿಸಿದ ದಿನ, ಮೊದಲ ಸಾಲಿಗೇ ನಾನು ಎದ್ದು ಒಳಗೆ ಹೋಗಿದ್ದೆ. ಚೆನ್ನಾಗಿಲ್ವಾ ಎಂದು ನೀನು ಹಿಂದೆಯೇ ಬಂದೆ. ಚೆನ್ನಾಗಿದೆ ಎಂದೆ.

ಅಪ್ಪ ಬೂಟು ಬಿಚ್ಚಿ ಎತ್ತಿಟ್ಟಿದ್ದ ಎಂದು ಬರೆದಿದ್ದೀಯಲ್ಲ, ಆ ಸಾಲು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅದೊಂದು ನನಗೆ ತಿಳಿದಿರಲಿಲ್ಲ. ನಾನು ಹೇಳಿಕೊಟ್ಟ ಹಾಗೆ, ಸದ್ದು ಮಾಡದೆ, ಅಡಗಿ ಕೂತೇ ಹೋದ ಎಂದುಕೊಂಡಿದ್ದೆ ಇಷ್ಟು ವರ್ಷ.

ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಎಂದು ತಿದ್ದಿಸು. ಅವನು ಹೇಗೆ ಹತ್ತಿದ ಎಂದು ನಿಮ್ಮ ಮೇಷ್ಟ್ರು ಕೇಳಿದರೆ, ಅವನ ಅಕ್ಕ ಹತ್ತಿಸಿದಳು ಎಂದು ಬರಿ.

ಮುಂಬಾಗಿಲಿನ ಚಿಲಕ ಹಾಕಲು ನೋಡಿದೆ. ತುಕ್ಕು ಹಿಡಿದಿದೆ, ಸರಿಯುತ್ತಿಲ್ಲ. ಬಂದಾಗ ಎಣ್ಣೆ ಬಿಟ್ಟುಕೊಡು.

ನಿನ್ನ ಅಮ್ಮ

ತಾ.ಕ.: ನಾಲ್ಕನೇ ಕಣ್ಣಿನ ವಿಷಯ ಕೇಳಿದ್ದೀಯಲ್ಲ. ಅದಕ್ಕೂ ಹಾಕು ಎಂದು ಅವನು ಸಾಮಾನು ಏರಿಸುವ ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದ. ಸ್ಟೀಮರು ಕೂಗಿತು. ಬಂದ್ಮೇಲೆ ಹಾಕ್ಕೊಡ್ತೀನಿ, ಹೋಗು ಎಂದೆ.