ಐದನೇ ಪುಟದ ಶಂಕೆ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಕಪ್ಪೆ,

ಮೊದಲು ನಿನ್ನ ಹಣೆಯ ವಿಷಯ ಹೇಳು. ಹೊಲಿಗೆ ಒಣಗುತ್ತಿದೆಯಾ, ಇನ್ನೂ ಊದಿಕೊಂಡಿದೆಯಾ? ಕೇಳಿದರೆ ಮಾತ್ರ ಆ ಲಾಕಪ್ಪಿನಲ್ಲಿ ಬ್ಯಾಂಡೇಜ್ ಬದಲಿಸುತ್ತಾರಂತೆ, ವಕೀಲರು ಹೇಳಿದರು. ಬಾಯಿಬಿಟ್ಟು ಕೇಳು ಕಣೋ, ಸಂಕೋಚ ಪಡಬೇಡ. ಊಟ ಸೇರುತ್ತಿದೆಯಾ? ಅಮ್ಮ ಗಟ್ಟಿಯಾಗಿದ್ದಾಳೆ. ಎರಡು ಹೊತ್ತು ಉಣ್ಣುತ್ತಾಳೆ, ಮಧ್ಯೆ ಮಧ್ಯೆ ಸುಮ್ಮಸುಮ್ಮನೆ ನನ್ನ ಮೇಲೆ ರೇಗುತ್ತಾಳೆ, ಅದರಿಂದಲೇ ನನಗೂ ಧೈರ್ಯ. ಮೂವತ್ತು ದಾಟಿದವನನ್ನು ಕಪ್ಪೆ ಅನ್ನಬೇಡ ಅಂತ ನೀನು ಸಿಡುಕುತ್ತೀಯ, ಗೊತ್ತು. ಬಚ್ಚಲ ತೊಟ್ಟಿಯಿಂದ ಎಬ್ಬಿಸಲಾಗದ ಮಗು ಬೆಳೆದು ಹೊಳೆ ದಾಟಿಸುವ ಲಾಂಚಿನ ಡ್ರೈವರ್ ಆದರೆ ಅಕ್ಕನಾದವಳು ಇನ್ನೇನಂತ ಕರೆಯಬೇಕು?

ಅಲ್ಲಿ ನಿನಗೆ ಪೇಪರ್ ಕೊಡುವುದಿಲ್ಲವಂತೆ. ಒಳ್ಳೆಯದೇ ಆಯಿತು. ಆದರೆ ಏನೇನು ಬಂದಿದೆ ಅನ್ನುವುದು ಬೇರೆಯವರಿಗಿಂತ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ. ಸೋಮವಾರ ನಿನ್ನ ಲಾಂಚ್ ದಡದ ಕಟ್ಟೆಗೆ ಗುದ್ದಿದ ಸುದ್ದಿ ನಮ್ಮ ಪತ್ರಿಕೆಯ ಆಫೀಸಿಗೆ ಬಂದಾಗ ನಾನು ಮೇಜಿನ ಮುಂದೆಯೇ ಇದ್ದೆ. ಲಾಂಚಿನ ಹೆಸರು ಓದಿದ ಕೂಡಲೇ ಎದ್ದು, ಇದನ್ನು ನಾನು ಮುಟ್ಟುವುದಿಲ್ಲ, ಬೇರೆಯವರಿಗೆ ಕೊಡಿ ಅಂತ ಹೇಳಿ ಆಸ್ಪತ್ರೆಗೆ ಓಡಿದೆ. ಮರುದಿನ ನಮ್ಮ ಪತ್ರಿಕೆಯ ಐದನೇ ಪುಟದ ಕೆಳಗೆ ಒಂದೇ ಕಾಲಂನಲ್ಲಿ ಅದು ಬಂತು: ‘ಲಾಂಚ್ ಅಪಘಾತ: ಚಾಲಕನ ನಿರ್ಲಕ್ಷ್ಯ ಶಂಕೆ’. ನೀನು ದಿನಾ ಓದುವ ಸಣ್ಣ ಪತ್ರಿಕೆಯಲ್ಲಿ, ಅಂದರೆ ನಮ್ಮ ಆಫೀಸಿನವರು ಟ್ಯಾಬ್ಲಾಯ್ಡ್ ಅಂತ ಮೂಗು ಮುರಿಯುವ ಪತ್ರಿಕೆಯಲ್ಲಿ, ಮುಖಪುಟದ ತುಂಬ ನೀನೇ. ಯಾರದೋ ಮದುವೆಯಲ್ಲಿ ಬಾಯಿಬಿಟ್ಟು ನಗುತ್ತಿರುವ ಫೋಟೊ. ಮೇಲೆ ಹೆಬ್ಬೆರಳಷ್ಟು ದಪ್ಪ ಅಕ್ಷರದಲ್ಲಿ ‘ಕಿವಿಯಲ್ಲಿ ಫೋನು, ಕಟ್ಟೆ ಮೇಲೆ ಲಾಂಚು!’

ನಿನಗೆ ನೆನಪಿದೆಯಲ್ಲ, ನಮ್ಮಿಬ್ಬರ ಹಳೇ ಜಗಳ. ‘ನಿನ್ನ ಪೇಪರ್ ಬಿಡಿಸಿದ್ರೆ ಪಕ್ಕದವನ ಮೂಗಿಗೆ ತಗಲುತ್ತೆ ಅಕ್ಕ, ಅದನ್ನ ಸೋಫಾದಲ್ಲಿ ಕೂತ್ಕೊಂಡೇ ಓದಬೇಕು’ ಅನ್ನುತ್ತಿದ್ದೆ. ನಿನ್ನದು ಬರೀ ಕೂಗುತ್ತೆ, ವಿಷಯವೇ ಇರಲ್ಲ ಅಂತ ನಾನು. ಮಂಗಳವಾರ ಬೆಳಿಗ್ಗೆ ಆ ಜಗಳ ನಮ್ಮ ಮನೆಯ ಮೆಟ್ಟಿಲ ಮೇಲೇ ಬಂದು ನಿಂತಿತು. ಮೂಲೆಯ ಅಂಗಡಿಯವರು ಸಣ್ಣ ಪತ್ರಿಕೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿಕೊಂಡು, ಹತ್ತು ಜನರ ಎದುರಿಗೇ, ‘ಏನಮ್ಮಾ, ನಿಮ್ಮ ತಮ್ಮ ನಿಜವಾಗ್ಲೂ ಫೋನಲ್ಲಿ ಮಾತಾಡ್ತಿದ್ನಾ?’ ಅಂತ ಕೇಳಿದರು. ಮೈ ಉರಿದುಹೋಯಿತು. ಆದರೂ, ಆಸ್ಪತ್ರೆಯಲ್ಲಿ ನೀನು ಹೇಳಿದಂತೆ, ‘ಇಲ್ಲ, ಫೋನು ಊಟದ ಚೀಲದಲ್ಲಿತ್ತು, ಲಾಂಚ್ ನಿಲ್ಲಿಸೋಕೆ ಹಾಕೋ ರಿವರ್ಸ್ ಗೇರ್ ಬೀಳಲಿಲ್ಲ’ ಅಂದೆ. ‘ಹಂಗಾದ್ರೆ ಲಾಂಚ್ ಕಂಪನಿಯೋರನ್ನ ಒಳಗೆ ಹಾಕ್ಬೇಕು’ ಅಂದವರೂ ಅವರೇ. ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಓದುವುದು ನಮ್ಮ ಪತ್ರಿಕೆ. ಅವರು ಏನನ್ನೂ ಕೇಳಲಿಲ್ಲ. ನನ್ನನ್ನು ಕಂಡ ಕೂಡಲೇ ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಒಳಗೆ ಹೋದರು. ಕೇಳದವರಿಗೆ ಏನಂತ ಉತ್ತರ ಕೊಡುವುದು ಹೇಳು?

ಆ ಐದನೇ ಪುಟದ ನಾಲ್ಕು ಸಾಲೇ ಹೆಚ್ಚು ಕಚ್ಚುತ್ತದೆ ಅಂತ ಗೊತ್ತಾದದ್ದು ಅದೇ ಮಧ್ಯಾಹ್ನ. ಶನಿವಾರ ನಿನ್ನ ವಿಚಾರಣೆ ನಡೆಸಲಿರುವ ಅಧಿಕಾರಿಗಳ ಫೈಲಿನಲ್ಲಿ ನಮ್ಮ ಪತ್ರಿಕೆಯ ತುಣುಕನ್ನು ಅಂಟಿಸಿದ್ದಾರಂತೆ. ವಕೀಲರು ಗೇರಿನ ಮಾತೆತ್ತಿದರೆ, ‘ಪತ್ರಿಕೆಯಲ್ಲೂ ಬಂದಿದೆಯಲ್ಲ’ ಅಂದರಂತೆ. ಸಣ್ಣ ಪತ್ರಿಕೆಯ ಕೂಗನ್ನು ಯಾರೂ ಫೈಲಿಗೆ ಅಂಟಿಸುವುದಿಲ್ಲ. ನಮ್ಮದನ್ನು ಅಂಟಿಸುತ್ತಾರೆ, ನಾವು ಮೆಲ್ಲಗೆ ಮಾತಾಡುತ್ತೇವಲ್ಲ! ಶಂಕೆ ಅಂದರೆ ಯಾರ ಶಂಕೆ? ಪೊಲೀಸರದಾ, ಕಂಪನಿಯದಾ, ಪಕ್ಕದ ಮೇಜಿನವನದಾ? ನನ್ನ ಕೈಗೆ ಬೇರೆ ಯಾರದಾದರೂ ಸುದ್ದಿ ಬಂದಿದ್ದರೆ ನಾನೂ ಅದನ್ನು ಕೇಳದೆ ಹಾಗೇ ಪುಟಕ್ಕೆ ಕಳಿಸುತ್ತಿದ್ದೆನೇನೋ.

ನಮ್ಮ ಮುಖ್ಯಸ್ಥರ ಹತ್ತಿರ ಹೋದೆ. ಗೇರು ಕೆಟ್ಟಿದೆ ಅಂತ ನೀನು ಮೊದಲೇ ಕಂಪನಿ ಮ್ಯಾನೇಜರಿಗೆ ಬಾಯಿಮಾತಲ್ಲಿ ಹೇಳಿದ್ದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ‘ನೀವು ಅವರ ಅಕ್ಕ. ನಿಮ್ಮ ಮಾತನ್ನ ಹಾಕಿದ್ರೆ ನಾಳೆ ನಮ್ಮನ್ನ ಯಾರು ನಂಬ್ತಾರೆ? ಇನ್ನೊಬ್ಬ ಸಾಕ್ಷಿ ಸಿಗಲಿ, ಖಂಡಿತ ಹಾಕೋಣ’ ಅಂದರು. ಕೆಟ್ಟವರಲ್ಲ ಅವರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಸಾಕ್ಷಿ ಎಲ್ಲಿ ಸಿಗಬೇಕು? ಆ ಹೊತ್ತಿನ ಲಾಂಚಿನಲ್ಲಿ ಇರುವವರು ಯಾರು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತರಕಾರಿಯವರು, ದರ್ಜಿಗಳು, ಆಸ್ಪತ್ರೆಯ ಆಯಾಗಳು. ಅವರಲ್ಲಿ ಒಬ್ಬರೂ ನಮ್ಮ ಪತ್ರಿಕೆ ಓದುವುದಿಲ್ಲ. ತೀರ್ಪು ಕೊಡುವವರೆಲ್ಲ ನಮ್ಮ ಓದುಗರು, ಕಣ್ಣಾರೆ ಕಂಡವರೆಲ್ಲ ಸಣ್ಣ ಪತ್ರಿಕೆಯ ಓದುಗರು.

ಆ ಪತ್ರಿಕೆಯವರ ಹತ್ತಿರ ಮಾತಾಡಬೇಡ ಅಂತ ನೀನು ವಕೀಲರ ಮೂಲಕ ಹೇಳಿ ಕಳಿಸಿದ್ದೆ. ನಿನ್ನ ಮಾತು ಮೀರಿದೆ. ಟೈರ್ ಅಂಗಡಿಯ ಮೇಲಿನ ಅವರ ಆಫೀಸಿಗೆ ಹೋದೆ. ಒಳಗೆ ಸಂತೆಯಷ್ಟು ಗದ್ದಲ, ಕುರ್ಚಿಗಿಂತ ಜನ ಜಾಸ್ತಿ. ಸಂಪಾದಕಿ ನನ್ನಷ್ಟೇ ವಯಸ್ಸಿನವಳು, ಗಂಟಲು ಮಾತ್ರ ಆರು ಜನರದ್ದು. ಫೋನಿನ ಕಥೆ ಯಾರು ಹೇಳಿದ್ದು ಅಂತ ಸಿಟ್ಟಿನಿಂದಲೇ ಕೇಳಿದೆ. ಅವಳು ನಕ್ಕುಬಿಟ್ಟಳು. ‘ಕಂಪನಿ ಮ್ಯಾನೇಜರ್. ನಿಮ್ಮೋರಿಗೂ ಅವನೇ ಹೇಳಿದ್ದು. ನೀವು ಅದನ್ನ ಶಂಕೆ ಅಂತ ಇಸ್ತ್ರಿ ಮಾಡಿ ಹಾಕಿದ್ರಿ, ನಾವು ಹಸಿಹಸಿಯಾಗಿ ಹಾಕಿದ್ವಿ.’ ನನಗೆ ಸಾಕ್ಷಿ ಬೇಕು ಅಂತ ಕೇಳಿದೆ. ಲಾಂಚಿನಲ್ಲಿದ್ದವರು ಮುಂದೆ ಬರಲಿ ಅಂತ ಹಾಕುತ್ತೇನೆ, ಆದರೆ ಅಮ್ಮ ಅಳುತ್ತಿರುವ ಫೋಟೊ ಬೇಕು ಅಂದಳು. ಅಮ್ಮನ ತಂಟೆಗೆ ಬರಬೇಡಿ, ಬೇಕಾದರೆ ನನ್ನದನ್ನು ಹಾಕಿ, ಅಳುವುದಕ್ಕೆ ಮಾತ್ರ ಬರುವುದಿಲ್ಲ ಅಂದೆ. ನಿನ್ನೆ ಬಂತು. ‘ದೊಡ್ಡ ಪತ್ರಿಕೆಯ ಅಕ್ಕ, ನಮ್ಮ ಬಾಗಿಲಲ್ಲಿ! ಆ ಲಾಂಚಿನಲ್ಲಿ ನೀವಿದ್ದಿರಾ?’ ಅಂತ, ನನ್ನ ಗಂಟುಮೋರೆ, ಫೋನ್ ನಂಬರಿನ ಸಮೇತ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ‘ಹೋಗೋ ಮುಂಚೆ ತಲೆನಾದ್ರೂ ಬಾಚ್ಕೊಂಡು ಹೋಗ್ಬಾರ್ದಿತ್ತಾ’ ಅಂದಳು.

ನಿನ್ನೆಯಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಒಬ್ಬರು ನಿನ್ನನ್ನು ಗಲ್ಲಿಗೇರಿಸಬೇಕು ಅಂದರು. ಒಬ್ಬ ಅಜ್ಜ ಕೊನೆಯ ಪ್ರಶ್ನಾರ್ಥಕ ಚಿಹ್ನೆಯೊಂದೇ ಸಾಕಿತ್ತು, ಆಶ್ಚರ್ಯಸೂಚಕ ಯಾಕೆ ನಡುವೆ ನುಗ್ಗಿತು ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಇಷ್ಟರ ನಡುವೆ ಆಸ್ಪತ್ರೆಯಿಂದ ಒಬ್ಬ ದರ್ಜಿ ಕರೆ ಮಾಡಿದ. ನಿನ್ನ ಲಾಂಚಿನಲ್ಲಿ ಕಾಲು ಮುರಿದುಕೊಂಡವನು. ಹೊಲಿಗೆ ಮಷೀನು ತುಳಿಯುವ ಕಾಲೇ ಕಣೋ. ಓಡಿಹೋದೆ. ಕೂರಿ ಅಂತಲೂ ಹೇಳಲಿಲ್ಲ. ‘ನಾನು ನಿಮ್ಮ ತಮ್ಮನ ಪರ ಅಲ್ಲ, ಮೊದ್ಲು ಅದನ್ನ ತಿಳ್ಕೊಳ್ಳಿ. ಅವನ ಮುಖ ನೆನೆಸ್ಕೊಂಡ್ರೆ ಈಗ್ಲೂ ಸಿಟ್ಟು ಬರುತ್ತೆ. ಆದ್ರೆ ಅವನ ಕೈಲಿ ಫೋನ್ ಇರಲಿಲ್ಲ. ಎರಡೂ ಕೈಲಿ ಆ ಕಬ್ಬಿಣದ ಹಿಡಿ ಎಳೀತಿದ್ದ. ಹಿಂದಕ್ಕೆ ಹೋಗಿ, ಏನಾದ್ರೂ ಹಿಡ್ಕೊಳ್ಳಿ ಅಂತ ಕಿರುಚ್ದ. ಎಲ್ರೂ ಹೋದ್ರು. ನಾನು ಬಟ್ಟೆ ಗಂಟು ಎತ್ಕೊಳ್ಳೋಕೆ ಬಗ್ಗಿದೆ.’ ಇಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡ. ಶನಿವಾರದ ವಿಚಾರಣೆಗೆ ಬಂದು ಇದನ್ನೇ ಹೇಳುತ್ತೀರಾ ಅಂದೆ. ಅವನ ಹೆಂಡತಿ ನಡುವೆ ಬಂದು, ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತೇವೆ ಅಂತ ಕಂಪನಿಯವರು ಹೇಳಿದ್ದಾರೆ, ನಮ್ಮ ಅನ್ನಕ್ಕೆ ಕಲ್ಲು ಹಾಕಬೇಡಿ ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯೋಚನೆ ಮಾಡುತ್ತೇನೆ ಅಂದ ದರ್ಜಿ. ಅಷ್ಟೇ ಆದದ್ದು.

ಗುರುವಾರ ಮಧ್ಯಾಹ್ನ ನಾನು ಮನೆಯಲ್ಲಿ ಹೇಗೆ ಅಂತ ಆಗಲೇ ನಿನಗೆ ಅನುಮಾನ ಬಂದಿರುತ್ತದೆ. ಸ್ವಲ್ಪ ದಿನ ಮನೆಯಲ್ಲಿರಿ ಅಂತ ಆಫೀಸಿನವರು ಅಂದಿದ್ದಾರೆ. ಎಷ್ಟು ದಿನ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತಿನ ಸಂಚಿಕೆಯಲ್ಲಿ, ಚಾಲಕನ ಅಕ್ಕ ನಮ್ಮ ಸಿಬ್ಬಂದಿ, ಆ ವರದಿಗೂ ಅವರಿಗೂ ಸಂಬಂಧವಿಲ್ಲ ಅಂತ ಒಂದು ಸ್ಪಷ್ಟನೆ ಬಂದಿದೆ. ಇಷ್ಟು ವರ್ಷ ಊರಿನವರ ಸುದ್ದಿಯನ್ನೆಲ್ಲ ತಿದ್ದಿದೆ, ಅಲ್ಲಿ ನನ್ನ ಹೆಸರು ಅಚ್ಚಾದದ್ದು ಇದೇ ಮೊದಲು. ಕಾಗುಣಿತ ಮಾತ್ರ ಸರಿಯಾಗಿತ್ತು. ನೀನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಹಣೆ ಮುಟ್ಟಿಕೊಳ್ಳಬೇಡ. ಹೊಟ್ಟೆ ತುಂಬ ಉಣ್ಣು. ಅಮ್ಮ ನಿನ್ನ ನೆತ್ತಿಯ ಮೇಲೆ ಕೈಯಿಟ್ಟಿದ್ದಾಳೆ ಅಂದುಕೊಂಡು ಮಲಗಬೇಕಂತೆ, ಹೇಳಲು ಹೇಳಿದಳು. ನನ್ನ ಕೈಯೂ ಅಲ್ಲೇ ಇದೆ.

ನಿನ್ನ,
ಅಕ್ಕ

ತಾ.ಕ.: ಈ ಕಾಗದ ಒಯ್ಯಲು ವಕೀಲರು ಬಾಗಿಲಲ್ಲಿ ನಿಂತಿದ್ದಾರೆ, ಗೀಚುತ್ತಿದ್ದೇನೆ. ದರ್ಜಿಯ ಹೆಂಡತಿ ಈಗ ತಾನೇ ಕರೆ ಮಾಡಿದ್ದಳು. ಮ್ಯಾನೇಜರ್ ಹೋಗಿ ಅವರ ಮಂಚದ ಪಕ್ಕ ಕೂತು, ‘ಡ್ರೈವರೇ ತಪ್ಪು ಒಪ್ಕೊಂಡು ಸಹಿ ಹಾಕ್ತಿದ್ದಾನೆ, ಇನ್ನು ನೀನ್ಯಾಕೆ ಬರ್ತೀಯ’ ಅಂದನಂತೆ. ಕ್ಷಣಕಾಲ ಗಮನ ತಪ್ಪಿತು ಅಂತ ಬರೆದುಕೊಟ್ಟರೆ ಕೆಲಸ ಉಳಿಸುತ್ತೇವೆ ಅಂತ ನಿನಗೂ ಆಸೆ ತೋರಿಸಿರಬೇಕು. ಅಮ್ಮನಿಗೋಸ್ಕರ, ನನಗೋಸ್ಕರ ಅಂತ ನೀನು ಒಪ್ಪಿಬಿಡುವವನೇ, ನನಗೆ ಗೊತ್ತು. ಬೇಡ. ದರ್ಜಿ ಹೇಳಿ ಕಳಿಸಿದ್ದಾನೆ: ‘ನಿಮ್ಮ ತಮ್ಮ ಸಹಿ ಹಾಕ್ದಿದ್ರೆ ಶನಿವಾರ ನನ್ನ ಎತ್ಕೊಂಡಾದ್ರೂ ಹೋಗಿ’ ಅಂತ. ಹೆಂಡತಿಯೂ ಒಪ್ಪಿದ್ದಾಳೆ. ಕೈಯಲ್ಲಿ ಪೆನ್ನಿದ್ದರೆ ಕೆಳಗಿಡು, ಕಪ್ಪೆ.