ಮೊದಲನೆಯದೋ, ಎರಡನೆಯದೋ

ಬುಧವಾರ, ಬೆಳಿಗ್ಗೆ

ಮುನಿಸಿಕೊಂಡು ಅಣ್ಣನ ಮನೆ ಸೇರಿರುವ ರಿಪೇರಿ ಸಾಹೇಬರಿಗೆ,

ನೀವು ಹೋಗಿ ಒಂಬತ್ತು ದಿನವಾಯಿತು. ನನ್ನ ಅನುಮಾನವನ್ನು ಬುಡದಿಂದ ಹೇಳಿಬಿಡುತ್ತೇನೆ, ಪೂರ್ತಿ ಓದಿ.

ಇಪ್ಪತ್ತೆರಡು ವರ್ಷದಿಂದ ಅಂಗಡಿಯಲ್ಲಿ ನನ್ನದು ಒಂದೇ ಕೆಲಸ. ನೀವು ರೆಕಾರ್ಡ್ ಪ್ಲೇಯರಿನ ತೋಳಿನ ತುದಿಗೆ ಒಂದು ಕಾರ್ಟ್ರಿಡ್ಜ್ ಕೂರಿಸಿ, ಅದರ ಮುಳ್ಳನ್ನು ಹಾಡಿನ ಮೇಲೆ ಇಳಿಸುತ್ತಿದ್ದಿರಿ. ಆಮೇಲೆ ಅದನ್ನು ಬಿಚ್ಚಿ ಇನ್ನೊಂದು ಕೂರಿಸಿ, ಅದೇ ಹಾಡು. ನಾನು ನಿಮಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು ಯಾವುದು ಚೆನ್ನಾಗಿ ಕೇಳಿಸಿತು, ಮೊದಲನೆಯದೋ, ಎರಡನೆಯದೋ ಹೇಳಬೇಕು. ನೋಡುತ್ತಾ ಕೇಳಬಾರದು ಎನ್ನುವುದು ನಿಮ್ಮ ಕಾನೂನು. ನಾನು ಆರಿಸಿದ್ದು ಯಾವಾಗಲೂ ನಿಮ್ಮ ಮನಸ್ಸಿನಲ್ಲಿದ್ದದ್ದೇ ಆಗಿರುತ್ತಿತ್ತು. "ಈ ಕಿವಿಗೆ ಚಿನ್ನದ ಓಲೆ ಮಾಡಿಸ್ಬೇಕು" ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದಿರಿ. ಓಲೆಯ ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತು, ಇರಲಿ.

ಈ ವರ್ಷ ನಾನು ಯಾವುದನ್ನು ಹೇಳಿದರೂ ಬರೀ 'ಹೂಂ'. ಪ್ರತಿ ಮಂಗಳವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲಿಗೋ ಹೋಗುತ್ತಿದ್ದಿರಿ. ಬೇರೆ ಯಾರೋ ಇದ್ದಾಳೆ ಎಂದು ನನ್ನ ಹೊಟ್ಟೆ ಉರಿಯಿತು. ನಿಮ್ಮ ಜೇಬು ತಡಕಿದೆ, ಕಾಲರು ಮೂಸಿದೆ. ಬೆಸುಗೆಯ ವಾಸನೆ ಬಿಟ್ಟು ಏನೂ ಸಿಗಲಿಲ್ಲ, ಅದಕ್ಕೇ ಅನುಮಾನ ಇನ್ನಷ್ಟು ಬಲಿಯಿತು. ಕೊನೆಗೊಂದು ದಿನ ಬಾಯಿಗೆ ಬಂದಂತೆ ಅಂದೆ. ನೀವು ಚೀಲ ಎತ್ತಿಕೊಂಡು ಹೊರಟಿರಿ. ಸಿಕ್ಕಿಬಿದ್ದರು ಎಂದುಕೊಂಡೆ.

ನಿನ್ನೆ ಪಿಟೀಲು ಮೇಷ್ಟ್ರು ತಮ್ಮ ಪ್ಲೇಯರ್ ಹೊತ್ತು ತಂದರು. ನೀವು ಹೊಸ ಕಾರ್ಟ್ರಿಡ್ಜ್ ಹಾಕಿಕೊಟ್ಟ ಮೇಲೆ ಎಡಗಡೆ ಕೇಳಬೇಕಾದ ಪಿಟೀಲು ಬಲಗಡೆ ಕೇಳುತ್ತಿದೆಯಂತೆ. ನೋಡಿದರೆ ಎಡದ ತಂತಿಗಳು ಬಲಕ್ಕೆ, ಬಲದವು ಎಡಕ್ಕೆ. ಒಂದು ಸಲ ಹಾಡು ಹಾಕಿದರೆ ಗೊತ್ತಾಗುವ ತಪ್ಪು, ಮತ್ತು ನೀವು ಕೇಳದೆ ಏನನ್ನೂ ಹೊರಗೆ ಕಳಿಸಿದವರಲ್ಲ.

ಮೇಷ್ಟ್ರು ಮೆಲ್ಲಗೆ ಕೇಳಿದರು: "ಅಮ್ಮಾ, ಒಂದೇ ಕಿವೀಲಿ ಕೇಳಿದ್ರೆ ಎಡ ಬಲ ತಿಳಿಯಲ್ಲ. ಅವರಿಗೆ ಒಂದು ಕಿವಿ ಕೇಳಿಸ್ತಾ ಇಲ್ವಾ?"

ನೀವು ಯಾರಿಗೂ ಮುಟ್ಟಲು ಬಿಡದ, ಮುಳ್ಳಿನ ಭಾರ ತೂಗುವ ಪುಟ್ಟ ತಕ್ಕಡಿಯ ಡಬ್ಬಿ ತೆಗೆದೆ. ಜೇಬು ತಡಕಿದವಳಿಗೆ ಅದು ಹೊಳೆದಿರಲಿಲ್ಲ. ಒಳಗೆ ಕಿವಿ ಡಾಕ್ಟರ ಚೀಟಿಗಳು, ಎಲ್ಲವೂ ಮಂಗಳವಾರದವು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ.

ಅಂಗಡಿ ಮುಚ್ಚಬೇಕಾದೀತೆಂದು ನನ್ನಿಂದಲೂ ಮುಚ್ಚಿಟ್ಟಿರಲ್ಲ, ಸಿಟ್ಟು ಬಂತು. ನನ್ನ ಕಿವಿಯೊಂದನ್ನೇ ನೆಚ್ಚಿ ಇಷ್ಟು ದಿನ ಕೆಲಸ ನಡೆಸಿದ್ದೀರಿ ಎಂದು ಹೊಳೆದಾಗ ಅಳು ಬಂತು. ನನ್ನನ್ನು ಕ್ಷಮಿಸಿ. ಮುಂದಿನ ಮಂಗಳವಾರ ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣ, ಬನ್ನಿ.

ಇನ್ನೂ ಓಲೆ ಕಾಣದ ಕಿವಿಯವಳು,
ನಿಮ್ಮ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನನಗೆ ಒಂದು ಕಾರ್ಟ್ರಿಡ್ಜಿಗೂ ಇನ್ನೊಂದಕ್ಕೂ ಯಾವತ್ತೂ ವ್ಯತ್ಯಾಸ ತಿಳಿದದ್ದಿಲ್ಲ. ಸ್ಟೂಲಿನ ಎದುರಿಗಿದ್ದ ಬೀರುವಿನ ಗಾಜಿನಲ್ಲಿ ನಿಮ್ಮ ಮುಖ ಕಾಣುತ್ತಿತ್ತು. ಯಾವುದಕ್ಕೆ ಅದು ಅರಳುತ್ತಿತ್ತೋ ಅದನ್ನೇ ಹೇಳುತ್ತಿದ್ದೆ. ಈ ವರ್ಷ ಅದು ಯಾವುದಕ್ಕೂ ಅರಳಲಿಲ್ಲ. ಅನುಮಾನ ಶುರುವಾದದ್ದು ಅಲ್ಲಿಂದಲೇ.