ಮಿಣುಕಾಟ ಹಾಗೇ ಇರಲಿ

ಕಮಲಾಪುರ, 12-3-2004

ಇನಾಯತ್ ಸಾಹೇಬರಿಗೆ ನಮಸ್ಕಾರ.

ಜಗತ್ ಸರ್ಕಲ್ಲಿನ ನಿಮ್ಮ ಅಂಗಡಿಯಲ್ಲಿ ವಿಡಿಯೋ ಕ್ಯಾಸೆಟ್ಟಿನಿಂದ ಮಾಡಿಕೊಟ್ಟ ಸಿ.ಡಿ. ನೋಡಿದೆವು. ಟ್ಯೂಬ್‌ಲೈಟಿನ ಮಿಣುಕಾಟ ತೆಗೆಯಿರಿ ಎಂದವನು ನಾನೇ. ನಿಮ್ಮ ಫಿಲ್ಟರಿನಿಂದ ಗೋಡೆಯೇನೋ ನಿಚ್ಚಳವಾಗಿದೆ. ಆದರೆ ಮಗಳ ಬೆರಳುಗಳು ಒಂದರೊಳಗೊಂದು ಕಲಸಿ ಹೊಗೆಯಂತಾಗಿವೆ. ತೀರಿಹೋದ ನಮ್ಮ ಮಗಳು ಭೀಮಬಾಯಿಗೆ ಮಾತು ಬರುತ್ತಿರಲಿಲ್ಲ, ಕೈಸನ್ನೆಯಲ್ಲೇ ಎಲ್ಲವನ್ನೂ ಹೇಳುತ್ತಿದ್ದಳು. "ಮಗಳು ಏನ್ ಹೇಳಾಕತ್ತಾಳ್ರೀ?" ಎಂದು ಅವಳ ತಾಯಿ ದಿನವೂ ಕೇಳುತ್ತಾಳೆ.

ಮಿಣುಕಾಟ ಹಾಗೇ ಇರಲಿ. ಕೈ ಆಡುವಲ್ಲಿ ಫಿಲ್ಟರ್ ಹಾಕದೆ ಮತ್ತೊಮ್ಮೆ ಮಾಡಿಕೊಡಿ. "ಹಳೇ ಕ್ಯಾಸೆಟ್ ಇನ್ಯಾಕ್ರೀ, ಇದರ ಮ್ಯಾಲೆ ಬ್ಯಾರೆ ಮದುವಿ ರೆಕಾರ್ಡ್ ಮಾಡ್ಕೋರಿ" ಎಂದು ಆ ದಿನ ನಾನೇ ಬಿಟ್ಟು ಬಂದಿದ್ದೆ. ಅದರ ಮೇಲೆ ಇನ್ನೂ ರೆಕಾರ್ಡ್ ಮಾಡಿರದಿದ್ದರೆ ತಿಳಿಸಿ. ಮಾಡಿದ್ದರೆ ಉತ್ತರ ಬರೆಯಬೇಡಿ. ಕ್ಯಾಸೆಟ್ ನಿಮ್ಮಲ್ಲಿ ಜೋಪಾನವಾಗಿದೆ ಎಂದು ಅವಳ ತಾಯಿಗೆ ಹೇಳಿದ್ದೇನೆ.

ಇಂತಿ,
ಅಮೋಘಪ್ಪ